ತಮ್ಮಾ, ಗ್ಯಾಡೊಲಿನಿಯಂ ವಾಪಸ್ ಕಳಿಸಬೇಡ, ಮೊದಲು ಐಸ್ ತಗೊಂಡು ಬಾ

ಸಿರುಗುಪ್ಪದ ತಮ್ಮಾ, ನಿನ್ನ ಪೋಸ್ಟ್ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ತರಿಸಿದ ಗ್ಯಾಡೊಲಿನಿಯಂ ಅನ್ನೋ ಲೋಹದ ತುಂಡಿಗೆ ಸ್ಪೀಕರ್ ಮ್ಯಾಗ್ನೆಟ್ ಹಿಡೀಲಿಲ್ಲ, ಡೂಪ್ಲಿಕೇಟ್, ನಾಳೆ ರಿಟರ್ನ್ ಅಂತ ಬರೆದಿದ್ದೀಯ. ಫೋಟೋದಲ್ಲಿ ತುಂಡು ಮಾಳಿಗೆ ಮೇಲಿದೆ, ನಿನ್ನ ನೆರಳು ಕಾಲಡಿಗೇ ಬಿದ್ದಿದೆ. ಏಪ್ರಿಲ್ ಮಧ್ಯಾಹ್ನ, 40 ಡಿಗ್ರಿ. ಗ್ಯಾಡೊಲಿನಿಯಂನ ಕ್ಯೂರಿ ಪಾಯಿಂಟ್, ಅಂದ್ರೆ ಮ್ಯಾಗ್ನೆಟ್ಟಿಗೆ ಜೋರಾಗಿ ಅಂಟೋ ಗುಣ ಹೋಗೋ ಬಿಸಿ, ಸುಮಾರು 20 ಡಿಗ್ರಿ. ಅದು ದಾಟಿದರೆ ಒಳಗಿನ ಪುಟ್ಟ ಪುಟ್ಟ ಮ್ಯಾಗ್ನೆಟ್‌ಗಳ ಸಾಲು ಕೆಡುತ್ತದೆ. ಮಾರಿದವನದೇನು ತಪ್ಪು?

ನಾನೂ ಹೀಗೇ ಮಾಡಿದ್ದೆ. ಮೇ ತಿಂಗಳು, ಬಳ್ಳಾರಿ. ಫೋನಲ್ಲಿ ಜಗಳ ತೆಗೆದು ದುಡ್ಡು ವಾಪಸ್ ತಗೊಂಡೆ. ಡಿಸೆಂಬರ್‌ನಲ್ಲಿ ಗೆಳೆಯನ ಮನೆ ಮಾಳಿಗೆ ಮೇಲೆ ಬೆಳಿಗ್ಗೆ ಐದೂವರೆಗೆ ಅವನ ತುಂಡು ಟಪ್ ಅಂತ ಅಂಟಿತು. ಬಿಸಿಲು ಏರಿದ ಮೇಲೆ ತಾನೇ ಕಳಚಿ ಬಿತ್ತು. ಮಾರಿದವನಿಗೆ ತಪ್ಪಾಯ್ತು ಅನ್ನೋಣ ಅಂದ್ರೆ ಸಿಟ್ಟಲ್ಲಿ ನಂಬರ್ ಅಳಿಸಿಬಿಟ್ಟಿದ್ದೆ.

ಈಗ ನಾನು ಮಾಡೋದು ಹೀಗೆ. ತುಂಡಿಗೆ ದಾರ ಕಟ್ಟಿ, ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಐಸ್ ನೀರಲ್ಲಿ ಹತ್ತು ನಿಮಿಷ ಇಡು. ತೆಗೆದು ತೂಗುಹಾಕು, ಪಕ್ಕಕ್ಕೆ ಸ್ಪೀಕರ್‌ನ ಕಪ್ಪು ಫೆರೈಟ್ ರಿಂಗ್ ಮ್ಯಾಗ್ನೆಟ್ ತಾ. ವಾಲುತ್ತದೆ. ಬೆಚ್ಚಗಾಗುತ್ತಾ ಹೋದಂತೆ ದಾರ ನೇರವಾಗುತ್ತದೆ. ನಿಯೋಡೈಮಿಯಂ ಮ್ಯಾಗ್ನೆಟ್ ಬೇಡ. ಅದರ ಬಲಕ್ಕೆ ಬಿಸಿ ಗ್ಯಾಡೊಲಿನಿಯಂ ಕೂಡ ಸ್ವಲ್ಪ ಎಳೆದುಕೊಂಡು ಬರುತ್ತದೆ, ನಿನಗೆ ಗೊಂದಲ. ಒರೆಸಿ, ಹೊಲಿಗೆ ಮಷೀನ್ ಎಣ್ಣೆ ಸವರಿ ಇಡು, ತೇವಕ್ಕೆ ಕಂದುತ್ತದೆ. ಅರ ಹಾಕಿ ಉಜ್ಜಬೇಡ, ಪುಡಿಗೆ ಬೆಂಕಿ ಹತ್ತೀತು. ಇನ್ನು ಲೋಹದ ಬದಲು ಬಿಳಿ ಪುಡಿ ಬಂದಿದ್ರೆ ಅದು ಆಕ್ಸೈಡ್. ಅದನ್ನ ಐಸಲ್ಲಿಟ್ಟರೂ ಅಂಟಲ್ಲ.

ಅಂದ ಹಾಗೆ, ಹೇರ್ ಡ್ರೈಯರ್‌ನಿಂದ ಮ್ಯಾಗ್ನೆಟ್ಟನ್ನೇ ಕಾಯಿಸಿ ನೋಡಿದೆ ಅಂದೆಯಲ್ಲ, ಅದು ಫೆರೈಟ್, ಬದುಕಿತು. ನಾನು ನಿಯೋಡೈಮಿಯಂ ಬಿಲ್ಲೆಯನ್ನು ಕುದಿಯೋ ನೀರಿಗೆ ಹಾಕಿ ಕೆಡಿಸಿದ್ದೇನೆ. ಬರೀ ನಿಯೋಡೈಮಿಯಂ ಲೋಹ ನಮ್ಮ ಹವೆಯಲ್ಲಿ ಮ್ಯಾಗ್ನೆಟ್ಟೇ ಅಲ್ಲ. ಕಬ್ಬಿಣ, ಬೋರಾನ್ ಜೊತೆ ಕೂಡಿದಾಗ ಮಾತ್ರ ಸಾಲು ಸುಮಾರು 310 ಡಿಗ್ರಿವರೆಗೆ ನಿಲ್ಲುತ್ತದೆ. ಆದ್ರೆ ಬಲ ಅದಕ್ಕಿಂತ ಎಷ್ಟೋ ಮೊದಲೇ ಹೋಗುತ್ತದೆ. ಈ ಮ್ಯಾಗ್ನೆಟ್ಟುಗಳಲ್ಲಿ ಮಾಮೂಲಿ ಎನ್ ಗ್ರೇಡ್‌ಗೆ 80 ಡಿಗ್ರಿಯೇ ಮಿತಿ. ಬಲ ಜಾಸ್ತಿ ಅಂತ ಎಲ್ಲರೂ ಎನ್52 ಎನ್52 ಅಂತಾರೆ, ಸುಮ್ನೆ. ಮೋಟರ್‌ಗೆ ಎಸ್‌ಎಚ್ ಗ್ರೇಡ್ ತಗೊಳ್ಳಿ, 150 ಡಿಗ್ರಿ ತಡೆಯುತ್ತದೆ. ಡಿಸ್ಪ್ರೋಸಿಯಂ ಅನ್ನೋ ಲೋಹ ಬೆರೆಸಿರೋದ್ರಿಂದ ರೇಟ್ ಜಾಸ್ತಿ, ಅಷ್ಟೇ.

ಸಂಡೂರಿನ ಕೆಂಪು ಅದಿರು ಅಂಟಲ್ಲ, ಕಬ್ಬಿಣವೇ ಇಲ್ವಾ ಅಂತ ಮೇಲೆ ಒಬ್ಬರು ಕೇಳಿದ್ದಾರೆ. ಇದೆ ಸರ್, ಭರ್ತಿ ಇದೆ. ಆ ಕೆಂಪು ಅದಿರು, ಅಂದ್ರೆ ಹೆಮಟೈಟ್‌ನಲ್ಲಿ ಪುಟ್ಟ ಮ್ಯಾಗ್ನೆಟ್‌ಗಳ ಒಂದು ಸಾಲು ಈ ಕಡೆ, ಪಕ್ಕದ ಸಾಲು ಆ ಕಡೆ ಮುಖ ಮಾಡಿರುತ್ತದೆ. ಹೆಚ್ಚುಕಡಿಮೆ ಪೂರ್ತಿ ವಜಾ. ಜೋರಾಗಿ ಅಂಟಿದ್ರೆ ಅದರಲ್ಲಿ ಮ್ಯಾಗ್ನಟೈಟ್ ಅನ್ನೋ ಇನ್ನೊಂದು ಕಬ್ಬಿಣದ ಅದಿರು ಬೆರೆತಿದೆ ಅಂತ ತಿಳಿಯಿರಿ.

ತಮ್ಮಾ, ಸಂಜೆ ಐಸ್ ತಂದು ಮಾಡಿ ವಿಡಿಯೋ ಹಾಕು. ನೆರಳಲ್ಲಿ ಮಾಡಪ್ಪಾ.