ನಿಂತರೆ ಬಿಸಿ, ಓಡಿದರೆ ತಣ್ಣಗೆ

ಪ್ರಶ್ನೆ: ನನ್ನ ಹಳೇ ಎಂಜಿಬಿ ಕಾರು ಸಿಗ್ನಲ್‌ನಲ್ಲಿ ನಿಂತರೆ ಸಾಕು, ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಓಡುವಾಗ ತೊಂದರೆ ಇಲ್ಲ. ಥರ್ಮೋಸ್ಟಾಟ್ ತೆಗೆದುಬಿಡಲೇ?

ಉತ್ತರ: ಬೇಡ, ದಯವಿಟ್ಟು ಬೇಡ! ಎಂಜಿನ್ ಬಿಸಿಯಾಗುವವರೆಗೆ ನೀರು ತಣಿಸುವ ರೇಡಿಯೇಟರಿಗೆ ನೀರು ಹೋಗದಂತೆ ತಡೆಯುವ ಕವಾಟ ಅದು. ತೆಗೆದರೆ ಎಂಜಿನ್ ಬಿಸಿಯಾಗಲು ಜಾಸ್ತಿ ಹೊತ್ತು ಹಿಡಿಯುತ್ತದೆ, ಅಷ್ಟೇ. ನಿಂತಾಗ ಮಾತ್ರ ಬಿಸಿಯಾದರೆ ಮೊದಲ ಅನುಮಾನ ಗಾಳಿಯ ಮೇಲೆ. ವೇಗದಲ್ಲೂ ಬಿಸಿಯಾಗಿದ್ದರೆ ರೇಡಿಯೇಟರ್ ಕಟ್ಟಿದೆ ಅನ್ನುತ್ತಿದ್ದೆ. ಬೆಲ್ಟಿನಿಂದ ತಿರುಗುವ ಫ್ಯಾನು ಐಡಲ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಓಡುವಾಗ, ನಿಧಾನ, ಅಲ್ವಾ? ಬೆಲ್ಟ್ ಸಡಿಲ ಇದೆಯಾ ನೋಡಿ. ರೇಡಿಯೇಟರ್ ಸುತ್ತ ಸಂದುಗಳಿದ್ದರೆ ಫೋಮ್ ಪಟ್ಟಿ ಹಾಕಿ ಮುಚ್ಚಿ. ಇಲ್ಲದಿದ್ದರೆ ಗಾಳಿ ಸುಲಭದ ದಾರಿ ಹಿಡಿದು ಪಕ್ಕದಿಂದಲೇ ಜಾರಿಕೊಳ್ಳುತ್ತದೆ. ಇಗ್ನಿಷನ್ ಟೈಮಿಂಗ್, ಅಂದರೆ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವ ಹೊತ್ತು, ಹಿಂದೆ ಬಿದ್ದಿದ್ದರೂ ಬಿಸಿ ಹೆಚ್ಚುತ್ತದೆ.

ನನ್ನ ಕಾರಿನಲ್ಲಿ ಹೊಸ ರೇಡಿಯೇಟರ್ ಕೂರಿಸಿಯೂ ಗೋಳು ತಪ್ಪಿರಲಿಲ್ಲ. ಒಂದು ದಿನ, ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಎಂಜಿನ್ ಬ್ಲಾಕಿನ ಪಕ್ಕದಲ್ಲಿ ನೀರು ಬಸಿಯಲು ಇರುವ ನಲ್ಲಿಯನ್ನು ಬಿಚ್ಚಿದೆ. ಒಂದು ಹನಿಯೂ ಬರಲಿಲ್ಲ. ತಂತಿ ತೂರಿಸಿ ಕೆದಕಿದೆ. ಕಾಫಿ ಗಸಿಯಂಥ ತುಕ್ಕು ಬುಳಬುಳ ಇಳಿಯಿತು! ಹೋಸ್‌ಪೈಪಿನಿಂದ ತಿಳಿನೀರು ಬರುವವರೆಗೆ ತೊಳೆದೆ. ಸುಮ್ನೆ ರೇಡಿಯೇಟರಿಗೆ ದುಡ್ಡು ಸುರಿದಿದ್ದೆ.

ನೀವೂ ಹೀಗೆ ತೊಳೆದು ನೋಡಿ, ಆಮೇಲೆ ಕೂಲೆಂಟ್, ನೀರು ಅರ್ಧರ್ಧ ತುಂಬಿಸಿ. 82 ಡಿಗ್ರಿಗೆ ತೆರೆಯುವ ಥರ್ಮೋಸ್ಟಾಟ್ ಸಾಕು. ಒತ್ತಡ ಹಿಡಿದಿಡುವ ಮುಚ್ಚಳದ (ಪ್ರೆಷರ್ ಕ್ಯಾಪ್) ರಬ್ಬರ್ ಬಿರುಕು ಬಿಟ್ಟಿದ್ದರೆ ಬದಲಿಸಿ. ಒತ್ತಡ ನಿಲ್ಲದಿದ್ದರೆ ನೀರು ಬೇಗ ಕುದಿಯುತ್ತದೆ. ಇಷ್ಟಾದರೂ ಮುಳ್ಳು ಇಳಿಯದಿದ್ದರೆ ಮಾತ್ರ ಎಲೆಕ್ಟ್ರಿಕ್ ಫ್ಯಾನಿನ ಯೋಚನೆ ಮಾಡಿ.