ಫೆರಿಟಿನ್ 640 ಬಂದರೆ ಮೈಯಲ್ಲಿ ಕಬ್ಬಿಣ ಹೆಚ್ಚಾಗಿದೆ ಎಂದೇ ಅರ್ಥವೇ?

ತಪಾಸಣೆಯಲ್ಲಿ ಫೆರಿಟಿನ್ 640 ಬಂದಿದೆ, ಹಿಮೋಗ್ಲೋಬಿನ್ ಸರಿಯಾಗಿಯೇ ಇದೆ, ಕಬ್ಬಿಣ ಹೆಚ್ಚಾದರೆ ಯಕೃತ್ತು ಹಾಳಾಗುತ್ತದೆಯಂತೆ, ಏನು ಮಾಡಲಿ ಎಂದು ಕೇಳಿದ್ದೀರಿ. ಎರಡು ವರ್ಷದ ಹಿಂದೆ ನನ್ನ ವರದಿಯಲ್ಲಿ ಇದೇ ಸಾಲಿನಲ್ಲಿ 710 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನು ವೈದ್ಯನಲ್ಲ. ಆದರೆ ಆ ಸಂಖ್ಯೆಯ ಹಿಂದೆ ಬಿದ್ದು, ವೈದ್ಯರನ್ನು ಕೇಳಿ ಕೇಳಿ ಅರ್ಥ ಮಾಡಿಕೊಂಡದ್ದನ್ನು ಹೇಳುತ್ತೇನೆ.

ಫೆರಿಟಿನ್ ಎಂದರೆ ಕಬ್ಬಿಣವಲ್ಲ. ಕಬ್ಬಿಣವನ್ನು ಕೂಡಿಡುವ ಪ್ರೋಟೀನು, ಒಂದು ರೀತಿಯ ಕಣಜ. ಕಣಜ ತುಂಬಿದಾಗ ರಕ್ತದಲ್ಲಿ ಅದರ ಮಟ್ಟ ಏರುವುದು ನಿಜ. ಆದರೆ ಜ್ವರ, ಸೋಂಕು, ಕೀಲುಗಳ ಉರಿಯೂತ, ಫ್ಯಾಟಿ ಲಿವರ್, ಮದ್ಯಪಾನ ಇವುಗಳಿಂದಲೂ ಅದು ಏರುತ್ತದೆ, ಕಣಜದಲ್ಲಿ ಕಾಳು ಹೆಚ್ಚಿಲ್ಲದಿದ್ದರೂ. ಫೆರಿಟಿನ್ ಒಂದನ್ನೇ ನೋಡಿ ಯಾರೂ ತೀರ್ಮಾನಕ್ಕೆ ಬರಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ನಿಮ್ಮ ವರದಿಯನ್ನು ಮತ್ತೊಮ್ಮೆ ತೆಗೆದು ನೋಡಿ. ಸೀರಮ್ ಐರನ್ (ರಕ್ತದಲ್ಲಿ ಈಗ ಓಡಾಡುತ್ತಿರುವ ಕಬ್ಬಿಣ), ಟಿಐಬಿಸಿ (ರಕ್ತ ಒಟ್ಟು ಎಷ್ಟು ಕಬ್ಬಿಣ ಹೊರಬಲ್ಲದು ಎಂಬ ಅಳತೆ) ಎಂಬ ಎರಡು ಸಾಲುಗಳಿವೆಯೇ? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೂರರಿಂದ ಗುಣಿಸಿ. ನನ್ನದರಲ್ಲಿ 92 ಮತ್ತು 330 ಇದ್ದವು, ಅಂದರೆ ಸುಮಾರು ಶೇಕಡಾ 28. ಇದನ್ನು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಎನ್ನುತ್ತಾರೆ. ರಕ್ತದಲ್ಲಿ ಕಬ್ಬಿಣವನ್ನು ಹೊತ್ತೊಯ್ಯುವ ಪ್ರೋಟೀನಿನ ಎಷ್ಟು ಪಾಲು ತುಂಬಿದೆ ಎಂಬ ಲೆಕ್ಕ ಅದು. ಶೇಕಡಾ 45ಕ್ಕಿಂತ ಕೆಳಗಿದ್ದರೆ ಫೆರಿಟಿನ್ ಏರಲು ಬೇರೆ ಕಾರಣವಿರುವ ಸಾಧ್ಯತೆಯೇ ಹೆಚ್ಚು. ನನ್ನ ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಸಿಕ್ಕಿದ್ದು ಫ್ಯಾಟಿ ಲಿವರ್. ಒಂದು ವರ್ಷದಲ್ಲಿ ಒಂಬತ್ತು ಕಿಲೋ ತೂಕ ಇಳಿಸಿದೆ. ಫೆರಿಟಿನ್ 290ಕ್ಕೆ ಬಂತು.

45 ದಾಟಿದ್ದರೆ ಮಾತು ಬೇರೆ. ಸೀರಮ್ ಐರನ್ ದಿನದೊಳಗೇ ಏರಿಳಿಯುವುದರಿಂದ, ಜ್ವರ ನೆಗಡಿ ಪೂರ್ತಿ ವಾಸಿಯಾದ ಮೇಲೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಆಗಲೂ ಹೆಚ್ಚೇ ಬಂದರೆ ಹಿಮೋಕ್ರೊಮಟೋಸಿಸ್ ಎಂಬ ಆನುವಂಶಿಕ ತೊಂದರೆಯನ್ನು ವೈದ್ಯರು ಪರಿಶೀಲಿಸುತ್ತಾರೆ. ನಮ್ಮ ಮೈಯಲ್ಲಿರುವ ಒಟ್ಟು ಕಬ್ಬಿಣ 3ರಿಂದ 4 ಗ್ರಾಂ. ದಿನಕ್ಕೆ ಒಳಗೆ ಸೇರುವುದು 1ರಿಂದ 2 ಮಿಲಿಗ್ರಾಂ, ಅಷ್ಟೇ. ಹೆಚ್ಚಾದದ್ದನ್ನು ಹೊರಹಾಕುವ ದಾರಿಯೇ ದೇಹಕ್ಕೆ ಇಲ್ಲ. ಬೇಕಾದಾಗ ಬಾಗಿಲು ತೆರೆದು, ಸಾಕಾದಾಗ ಮುಚ್ಚುವುದಷ್ಟೇ ಗೊತ್ತು. ಆ ಬಾಗಿಲು ಕಾಯುವುದು ಯಕೃತ್ತು ತಯಾರಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು. ಈ ಕಾಯಿಲೆಯಲ್ಲಿ ಅದು ಸಾಕಷ್ಟು ತಯಾರಾಗುವುದಿಲ್ಲ. ಹೀಗಾಗಿ ಕಬ್ಬಿಣ ವರ್ಷಗಟ್ಟಲೆ ಸದ್ದಿಲ್ಲದೆ ಯಕೃತ್ತು, ಹೃದಯ, ಮೇದೋಜೀರಕ ಗ್ರಂಥಿ, ಕೀಲುಗಳಲ್ಲಿ ಕೂಡಿಕೊಳ್ಳುತ್ತದೆ. ತೋರುಬೆರಳು, ನಡುಬೆರಳುಗಳ ಬುಡದ ಗೆಣ್ಣುಗಳ ನೋವು ಇದರ ಒಂದು ಗುರುತು. ವಯಸ್ಸಾಯಿತು ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು.

ಬೇಗ ಗೊತ್ತಾದರೆ ಚಿಕಿತ್ಸೆ ತೀರ ಸರಳ: ರಕ್ತ ತೆಗೆಯುವುದು. 500 ಮಿಲಿಲೀಟರ್ ರಕ್ತದೊಂದಿಗೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೊರಹೋಗುತ್ತದೆ. ಕಾಯಿಲೆ ಖಚಿತವಾದರೆ ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಬೇಕು. ಪದೇ ಪದೇ ರಕ್ತ ಹಾಕಿಸಿಕೊಳ್ಳಬೇಕಾದ ಥಲಸ್ಸೀಮಿಯಾ ರೋಗಿಗಳಲ್ಲೂ ಕಬ್ಬಿಣ ತುಂಬಿಕೊಳ್ಳುತ್ತದೆ, ಅವರ ಚಿಕಿತ್ಸೆ ಬೇರೆ.

ವೈದ್ಯರನ್ನು ಕಾಣುವವರೆಗೆ ನೀವಾಗಿಯೇ ಕಬ್ಬಿಣದ ಮಾತ್ರೆ, ವಿಟಮಿನ್ ಸಿ ಮಾತ್ರೆ ನುಂಗಬೇಡಿ. ಮಲ್ಟಿವಿಟಮಿನ್ ಡಬ್ಬಿಯ ಹಿಂಬದಿಯನ್ನೂ ಓದಿ ನೋಡಿ. ಮದ್ಯ ಬೇಡ. ಫೆರಿಟಿನ್ 1000 ದಾಟಿದವರು ತಡಮಾಡಬಾರದು, ನಿಮ್ಮದು ಅಷ್ಟಿಲ್ಲ. ಆ ಎರಡು ಸಾಲು ವರದಿಯಲ್ಲಿ ಇಲ್ಲದಿದ್ದರೆ ಮುಂದಿನ ಬಾರಿ ಅವನ್ನೂ ಬರೆದುಕೊಡಲು ವೈದ್ಯರನ್ನು ಕೇಳಿ. ಇದ್ದರೆ ಈಗಲೇ ಭಾಗಿಸಿ, ಎಷ್ಟು ಬಂತೆಂದು ತಿಳಿಸಿ.