ಮೂಗಿನ ಮೇಲೆ ಫೋನಿನ ಚಾಡಿ

ಓದುಗರೊಬ್ಬರ ಪತ್ರ: “ನನಗೆ 24 ವರ್ಷ. ಸೆಲ್ಫಿ ತೆಗೆದಾಗಲೆಲ್ಲ ಮುಖದ ತುಂಬ ಮೂಗೇ ಕಾಣುತ್ತೆ. ಆಪರೇಷನ್ ಮಾಡಿಸಿ ಸಣ್ಣ ಮಾಡಿಸಿಕೊಳ್ಳೋಣ ಅಂತಿದ್ದೇನೆ. ಮೊದಲು ಏನೇನು ಯೋಚಿಸಬೇಕು ಸಾರ್?”

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕನ್ನಡಿಯ ಮಾತು ಎಲ್ಲೂ ಇಲ್ಲ, ಬರೀ ಸೆಲ್ಫಿ. ಅಲ್ಲಮ್ಮಾ, ಚಾಡಿ ಹೇಳಿದ್ದು ಫೋನು, ಶಿಕ್ಷೆ ಮೂಗಿಗಾ?

ಒಂದಡಿ ದೂರದಿಂದ ತೆಗೆದ ಫೋಟೋದಲ್ಲಿ ಮೂಗು, ಐದಡಿಯಿಂದ ತೆಗೆದದ್ದಕ್ಕಿಂತ ಸುಮಾರು ಶೇಕಡ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಕ್ಯಾಮೆರಾಗೆ ಹತ್ತಿರ ಇರುವುದು ದೊಡ್ಡದಾಗಿ ಬೀಳುತ್ತೆ, ಅಷ್ಟೇ. ಈ ಅಂಕಣಕ್ಕೆ ಅಂತ ನಮ್ಮ ಆಫೀಸಿನ ಹುಡುಗ ಫೋನನ್ನು ಮುಖದ ಹತ್ತಿರ ತಂದು ನನ್ನ ಫೋಟೋ ತೆಗೆದ. ಮೂಗು ಮುಂದೆ ಬಂದು ಕೂತಿತ್ತು, ನಾನು ಹಿಂದೆಲ್ಲೋ ಇದ್ದೆ. “ನಾಲ್ಕು ಹೆಜ್ಜೆ ಹಿಂದೆ ಹೋಗಿ ತೆಗಿಯಪ್ಪಾ” ಅಂದೆ. ಮೂಗು ತನ್ನ ಜಾಗಕ್ಕೆ ವಾಪಸ್ ಹೋಯಿತು.

ಆಪರೇಷನ್ನೇ ತಪ್ಪು ಅನ್ನುತ್ತಿಲ್ಲ. ಪೆಟ್ಟು ಬಿದ್ದು ಸೊಟ್ಟಗಾದ, ಉಸಿರು ಕಟ್ಟುವ ಮೂಗಿಗೆ ಅದು ದೊಡ್ಡ ಉಪಕಾರ. ಕತ್ತರಿಸಿಹೋದ ಮೂಗನ್ನು ಕೆನ್ನೆಯ ಚರ್ಮದಿಂದ ಕಟ್ಟುವ ಬಗೆ ಸುಶ್ರುತ ಸಂಹಿತೆಯಲ್ಲೇ ಇದೆ. ಯುದ್ಧದಲ್ಲಿ ಸೆರೆಸಿಕ್ಕು ಮೂಗು ಕಳೆದುಕೊಂಡ ಕಾವಸ್‌ಜಿ ಎಂಬ ಎತ್ತಿನ ಗಾಡಿಯವನಿಗೆ ಹಣೆಯ ಚರ್ಮದಿಂದ ಹೊಸ ಮೂಗು ಮಾಡಿದ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಬಂತು. ಅದೇ ವಿಧಾನವನ್ನು ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಇಂಗ್ಲೆಂಡಿನಲ್ಲಿ ಮಾಡಿದ. (ಪತ್ರಿಕೆಯವರಿಂದಲೂ ಅಪರೂಪಕ್ಕೆ ಒಳ್ಳೆಯದಾಗುತ್ತೆ ನೋಡಿ.) ಅವರಿಗೆಲ್ಲ ಮೂಗೇ ಇರಲಿಲ್ಲ. ನಿಮಗೆ ಇದೆ, ಉಸಿರಾಡುತ್ತಲೂ ಇದೆ.

ಮೂಗಿನ ಮೇಲ್ಭಾಗ ಎಲುಬು, ಕೆಳಗೆ ಮೃದ್ವಸ್ಥಿ, ಅಂದರೆ ಬಗ್ಗುವ ಮೆತ್ತನೆಯ ಎಲುಬು. ಡಾಕ್ಟರು ಕೆತ್ತುವುದು ಇವನ್ನು. ಚರ್ಮ ಮಾತ್ರ ನಿಮ್ಮದೇ. ಅದು ದಪ್ಪಗಿದ್ದರೆ ಒಳಗೆ ಎಷ್ಟೇ ನಾಜೂಕಾಗಿ ಕೆತ್ತಿದರೂ ಹೊರಗೆ ಅಷ್ಟಾಗಿ ಕಾಣದು. ಜಾಸ್ತಿ ಕೆತ್ತಿದರೆ ಉಸಿರೆಳೆದಾಗ ಮೂಗಿನ ಪಕ್ಕಗಳು ಒಳಕ್ಕೆ ಕುಸಿಯಬಹುದು. ಚಂದದ ಮೂಗು, ಬಾಯಲ್ಲಿ ಉಸಿರು!

ನಮ್ಮ ಪ್ರೂಫ್ ನೋಡುವ ಗೆಳೆಯರು ಸೊಟ್ಟ ಮೂಗು ಸರಿ ಮಾಡಿಸಿಕೊಂಡರು. ಒಂದು ವಾರ ಮೂಗಿನ ಮೇಲೆ ಪಟ್ಟಿ, ಕಣ್ಣಿನ ಕೆಳಗೆ ನೀಲಿ. ಕನ್ನಡಕ ಮೂಗಿನ ಮೇಲೆ ಕೂರುವ ಹಾಗಿಲ್ಲ. ಹಣೆಗೆ ಟೇಪ್ ಅಂಟಿಸಿ ಅದನ್ನು ನೇತುಹಾಕಿಕೊಂಡು ಪುಟ ತಿದ್ದುತ್ತಿದ್ದರು. ಬೆವರಿದಾಗ ಟೇಪ್ ಬಿಟ್ಟು ಕನ್ನಡಕ ಮೇಜಿಗೆ ಬೀಳೋದು. ಮೂಗಿನ ತುದಿಯ ಊತ ಪೂರ್ತಿ ಇಳಿಯೋಕೆ ವರ್ಷವೇ ಹಿಡಿಯಿತು. ಅಲ್ಲಿಯವರೆಗೆ ಚೆನ್ನಾಗಿದೆಯೋ ಇಲ್ಲವೋ ಹೇಳುವ ಹಾಗಿಲ್ಲ. ಹಿಡಿಸದಿದ್ದರೆ ಎರಡನೇ ಆಪರೇಷನ್ನಿಗೂ ಸಾಮಾನ್ಯವಾಗಿ ಅಷ್ಟು ಕಾಯಿಸುತ್ತಾರೆ, ಮತ್ತು ಅದು ಮೊದಲಿನದಕ್ಕಿಂತ ಕಷ್ಟದ್ದು.

ಡಾಕ್ಟರ ಹತ್ತಿರ ಹೋದರೆ ಕಂಪ್ಯೂಟರಿನಲ್ಲಿ ನಿಮ್ಮ ಹೊಸ ಮೂಗು ತೋರಿಸಬಹುದು. ಅದು ಅಂದಾಜು, ಕರಾರು ಅಲ್ಲ. ಕೆಲವು ಕಡೆ ಅದು ಮೂಗಿಗೆ ತುಪ್ಪ ಸವರೋ ಕೆಲಸವೇ. “ನಿಮ್ಮ ಹತ್ತಿರ ಮಾಡಿಸಿಕೊಂಡವರಲ್ಲಿ ಎಷ್ಟು ಜನ ಸರಿ ಆಗಲಿಲ್ಲ ಅಂತ ವಾಪಸ್ ಬಂದರು?” ಎಂದು ಕೇಳಿ. ಸಿಡುಕಿದರೆ ಎದ್ದು ಬನ್ನಿ. ಸಿಗರೇಟು ಸೇದುತ್ತಿದ್ದರೆ ಮುಚ್ಚಿಡಬೇಡಿ, ಗಾಯ ಮಾಯೋದು ನಿಧಾನ ಆಗುತ್ತೆ. ದಿನವಿಡೀ ಮೂಗಿನದೇ ಯೋಚನೆ ಅಂದರೆ, ಮೊದಲು ನೋಡಬೇಕಾದ್ದು ಮನಸ್ಸಿನ ಡಾಕ್ಟರನ್ನು.

ಆದರೂ ನಿಮ್ಮನ್ನೊಬ್ಬರನ್ನೇ ಬೈದರೆ ಅನ್ಯಾಯ. ಫೋನಿನ ಫಿಲ್ಟರುಗಳು ಎಲ್ಲರಿಗೂ ಒಂದೇ ಅಚ್ಚಿನ ಮೂಗು ಹಂಚುತ್ತಿವೆ. ನಮ್ಮ ಮನೆಯೇನೂ ಚೊಕ್ಕ ಇಲ್ಲ. ಕಳೆದ ತಿಂಗಳ ಮುಖಪುಟದ ಹುಡುಗಿಯ ಮೂಗನ್ನು ನಮ್ಮ ಡಿಸೈನರ್ ಮೌಸಿನಲ್ಲೇ ಸಣ್ಣ ಮಾಡಿದ್ದ. ಕೇಳಿದರೆ “ಎಲ್ಲರೂ ಮಾಡ್ತಾರೆ ಸಾರ್” ಅಂದ. ಆಮೇಲೆ ಆ ಹುಡುಗಿಯ ತಾಯಿ ಫೋನ್ ಮಾಡಿದರು. “ಫೋಟೋ ಚೆನ್ನಾಗಿದೆ ಸಾರ್. ಮೂಗು ಯಾರದ್ದು?”